ಗಡಿಯಾರ ಇಳಿಸಿದ ಭ್ರಮರಾಂಬ

ನಮ್ಮ ಶಾಲೆಯ ಲೈಬ್ರರಿಯ ಗೋಡೆಯಲ್ಲಿ ಗಡಿಯಾರ ಇರಲಿಲ್ಲ. ಇದ್ದದ್ದನ್ನು ಲೈಬ್ರೇರಿಯನ್ ಭ್ರಮರಾಂಬ ಸ್ಟೂಲು ಹತ್ತಿ ಇಳಿಸಿ, ಬೀರುವಿನ ಮೇಲೆ ಅಂಗಾತ ಮಲಗಿಸಿದ್ದರು. ಅದು ಸೂರು ನೋಡುತ್ತಾ ತನ್ನ ಪಾಡಿಗೆ ಟಿಕ್ ಟಿಕ್ ಅನ್ನುತ್ತಿತ್ತು. ಅವರು ಕೈಗೂ ವಾಚು ಕಟ್ಟುತ್ತಿರಲಿಲ್ಲ. ಐದಕ್ಕೆ ಎದ್ದು, ಏಳೂವರೆಗೆ ಡಬ್ಬಿ ಕಟ್ಟಿ, ಎಂಟು ಹತ್ತಕ್ಕೆ ಸಹಿ ಹಾಕಿ ಬದುಕಿದ ನನಗೆ ಅದನ್ನು ಮೊದಲು ಕಂಡಾಗ ಯಾರೋ ದೇವರ ಪಟ ಬೋರಲು ಹಾಕಿದಂತೆ ಎದೆ ಧಸಕ್ಕೆಂದಿತು.

ನಾನು ಗಂಡನ ಬ್ಯಾಂಕಿನ ವರ್ಗಾವಣೆಯ ಜೊತೆ ದಾವಣಗೆರೆಯಿಂದ ವಿಶಾಖಪಟ್ಟಣಕ್ಕೆ ಬಂದು, ಸಿಂಹಾಚಲಂ ಬೆಟ್ಟದ ಕೆಳಗಿನ ಆ ಶಾಲೆಯಲ್ಲಿ ಗಣಿತ ಕಲಿಸುತ್ತಾ ಉಳಿದುಬಿಟ್ಟವಳು. ಟೈಂಟೇಬಲ್ ನನ್ನ ಕೆಲಸ. ಪ್ರತಿ ತರಗತಿಗೂ ವಾರಕ್ಕೊಂದು ಲೈಬ್ರರಿ ಪೀರಿಯಡ್ ಹಾಕಿದ್ದೆ. ಆ ನಲವತ್ತು ನಿಮಿಷ ಮಕ್ಕಳು ಭ್ರಮರಾಂಬ ಅವರ ಮುಂದೆ, ಟೀಚರು ಸ್ಟಾಫ್ ರೂಮಿನಲ್ಲಿ.

ಒಂದು ದಿನ ಸುತ್ತು ಹೊರಟಾಗ ಆರನೇ ತರಗತಿ ಖಾಲಿಯಿತ್ತು. ವಿಜ್ಞಾನದ ಪೀರಿಯಡ್ ಅದು. ಹುಡುಕಿದರೆ ಎಲ್ಲರೂ ಲೈಬ್ರರಿಯಲ್ಲಿ ನೆಲದ ಮೇಲೆ ಕೂತಿದ್ದಾರೆ, ನಡುವೆ ವಿಜ್ಞಾನದ ಮೇಷ್ಟ್ರೂ ಭ್ರಮರಾಂಬರೂ ಒಂದೇ ಪುಸ್ತಕಕ್ಕೆ ತಲೆ ಬಗ್ಗಿಸಿದ್ದಾರೆ. ಇವರ ಲೈಬ್ರರಿ ಪೀರಿಯಡ್ ಮಂಗಳವಾರವಲ್ಲವೇ ಎಂದು ಕೇಳಿದೆ.

"ಹಂಗಲ್ಲಂಡಿ ಮೇಡಂ ಗಾರೂ. ಪ್ರಶ್ನೆ ಇವತ್ತು ಬಂತು. ಮಂಗಳವಾರ ಮೂರನೇ ಪೀರಿಯಡ್ ತನಕ ಅದನ್ನ ಎಲ್ಲಿ ಕೂರಿಸಲಿ?"

ಅದರಲ್ಲಿ 'ಹಂಗಲ್ಲ' ಭ್ರಮರಾಂಬ ಅವರ ತಾಯಿಯ ಬಳ್ಳಾರಿಯದು, ಮರ್ಯಾದೆಯ 'ಅಂಡಿ' ತಂದೆಯ ವಿಶಾಖಪಟ್ಟಣದ್ದು. ನನ್ನ ಟೈಂಟೇಬಲ್ ಬಹಳ ಚೆಂದ, ಫ್ರೇಮ್ ಹಾಕಿಸಬಹುದು, ಮಕ್ಕಳನ್ನು ಮಾತ್ರ ಅದರೊಳಗೆ ಕೂರಿಸಬೇಡಿ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಹೇಳಿದರು. ನಾನು ಒಂದು ತಿಂಗಳು ಮಾತು ಬಿಟ್ಟೆ.

ಆದರೂ ಪ್ರಿನ್ಸಿಪಾಲರು ಅವರ ಮಾತಿಗೆ ಒಪ್ಪಿದರು. ಲೈಬ್ರರಿ ಪೀರಿಯಡ್‌ಗಳನ್ನೆಲ್ಲ ನಾನೇ ನನ್ನ ಕೈಯಾರೆ ಅಳಿಸಿದೆ. ಇನ್ನು ಮುಂದೆ ಯಾವ ಟೀಚರಿಗೆ ಯಾವ ಪಾಠಕ್ಕೆ ಬೇಕೋ ಆಗ ಮಕ್ಕಳನ್ನು ಕರೆತರುವುದು, ಇಬ್ಬರೂ ಸೇರಿ ಕಲಿಸುವುದು. ಬರುವ ಮೊದಲು ಟೀಚರು ಹಸಿರು ರಟ್ಟಿನ ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಂಗತಿ ಬರೆಯಬೇಕು. ಪಾಠ ಯಾವುದು? ಅದರಲ್ಲಿ ನೀವು ಎಲ್ಲಿ ತಡವರಿಸುತ್ತೀರಿ? ಬರೆಯಲು ಕೊಡುವಾಗ ಭ್ರಮರಾಂಬ ಹಿಂದಿನ ಪುಟಗಳಿಗೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಿದ್ದರು. ಒಬ್ಬರದು ಇನ್ನೊಬ್ಬರ ಕಣ್ಣಿಗೆ ಬೀಳಬಾರದು.

ಒಂದು ವಾರ ಎಂಟನೇ ತರಗತಿ ಮೂರು ದಿನ ಹೋಗುತ್ತಿತ್ತು, ಮರುವಾರ ಅತ್ತ ತಲೆಯೇ ಹಾಕುತ್ತಿರಲಿಲ್ಲ. ಸಮಾಜ ಪಾಠದ ಮಕ್ಕಳು ಲೈಬ್ರರಿಯಿಂದ ಹೊರಟು ಬೆಟ್ಟದ ಮೆಟ್ಟಿಲ ಬಳಿ ಹೂ ಮಾರುವವರನ್ನು ಮಾತಾಡಿಸಿ ಬಂದು ಮತ್ತೆ ಪುಸ್ತಕ ತೆರೆಯುತ್ತಿದ್ದರು. ನನಗೆ ತಲೆ ಸುತ್ತುತ್ತಿತ್ತು.

ಕಡೆಗೆ ನಾನೂ ಹೋದೆ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಯಾಕೆ ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಳು; ನಿಯಮ ಅಂತ ಗದರಿ ಕೂರಿಸಿದ್ದೆ. ಬೇರೆಯವರು ಓದದಿರಲಿ ಎಂದು ಹಸಿರು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದೆ. ಅಲ್ಲಿ ಕನ್ನಡ ಓದಲು ಬರುತ್ತಿದ್ದುದು ನಮ್ಮಿಬ್ಬರಿಗೇ. 'ಮೂವತ್ತು ವರ್ಷದಿಂದ ನಿಯಮ ಹೇಳುತ್ತಿದ್ದೇನೆ. ಕಾರಣ ನನಗೆ ಗೊತ್ತಿಲ್ಲ.'

ಭ್ರಮರಾಂಬ ನಗಲಿಲ್ಲ. ಎರಡು ದಿನ ಪುಸ್ತಕ ತಿರುವಿ, ಕಪಾಟುಗಳ ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಮುಖ ಬಾಗಿಲ ಕಡೆಗಿದ್ದರೆ ಪ್ಲಸ್, ಹಿಂದೆ ತಿರುಗಿದರೆ ಮೈನಸ್. ಹಿಮ್ಮುಖವಾಗಿ ನಡೆದರೂ ಮೈನಸ್. ಮಕ್ಕಳ ಮುಂದೆ ನನ್ನನ್ನೇ ತಿರುಗಿಸಿ ನಿಲ್ಲಿಸಿ, ಹಿಂದಕ್ಕೆ ಹೆಜ್ಜೆಯಿಡಿ ಅಂದರು. ಸೆರಗು ಬಿಗಿಹಿಡಿದು ನಡೆದೆ. ನಿಂತು ನೋಡಿದರೆ ಬಾಗಿಲ ಹತ್ತಿರ, ಪ್ಲಸ್ ಕಡೆಗೇ ಬಂದಿದ್ದೆ. ಮಕ್ಕಳು ಚಪ್ಪಾಳೆ ಹೊಡೆದರು.

ಮರುವರ್ಷ ಹೊಸ ಆಡಳಿತ ಬಂತು. ಆಡಳಿತದ ಪರವಾಗಿ ಶಾಲೆ ನಡೆಸುವ ಹೊಸ ಕರೆಸ್ಪಾಂಡೆಂಟ್ ಯಾರಿಗೆ ಎಷ್ಟು ಪೀರಿಯಡ್ ಎಂದು ನೋಡಲು ನನ್ನ ಟೈಂಟೇಬಲ್ ಮುಂದಿಟ್ಟುಕೊಂಡರು. ಲೈಬ್ರರಿಯ ಸಾಲು ಪೂರ್ತಿ ಖಾಲಿ. ಇವರಿಗೆ ಕೆಲಸವೇ ಇಲ್ಲವಲ್ಲ, ಈ ಹುದ್ದೆ ಯಾಕೆ ಎಂದರು. ಈಗಿನ ಪದ್ಧತಿ ಬೇರೆ ಎಂದು ನಾನು ತೊದಲಿದೆ. ರೆಕಾರ್ಡ್ ಇದೆಯೇ ಎಂದು ಭ್ರಮರಾಂಬರನ್ನು ಕೇಳಿದರು.

"ಇಲ್ಲ ಸರ್."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಹಸಿರು ನೋಟ್‌ಬುಕ್ ತರುತ್ತಾರೆಂದು ಕಾದೆ. ಅವರು ತರಲಿಲ್ಲ. ಕಳೆದುಹಾಕಿದ್ದಾರೆ, ಅಶಿಸ್ತಿನ ಹೆಂಗಸು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ತಿಂಗಳ ಕೊನೆಗೆ ಅವರ ಹುದ್ದೆ ಹೋಯಿತು. ನಾನು ಶುದ್ಧವಾಗಿ, ಸ್ಕೇಲಿಟ್ಟು ಗೆರೆ ಎಳೆದ ಹಾಳೆಯೇ ಸಾಕ್ಷಿಯಾಯಿತು.

ಈಚೆಗೆ ಬೆಂಜ್ ಸರ್ಕಲ್ ಬಳಿಯ ಆಸ್ಪತ್ರೆಗೆ ಕಣ್ಣು ತೋರಿಸಲು ವಿಜಯವಾಡಕ್ಕೆ ಹೋದಾಗ, ಭ್ರಮರಾಂಬ ಅಲ್ಲಿನ ಒನ್ ಟೌನ್ ಪೇಟೆಯ ಒಂದು ಶಾಲೆಯಲ್ಲಿದ್ದಾರೆಂದು ತಿಳಿದು ಹುಡುಕಿಕೊಂಡು ಹೋದೆ. ಸಗಟು ಅಂಗಡಿಗಳ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಅವರ ಲೈಬ್ರರಿಯ ಒಳಹೊಕ್ಕರೆ, ಗೋಡೆಯಲ್ಲಿ ಗಡಿಯಾರ ನೆಟ್ಟಗೆ ತೂಗುತ್ತಿತ್ತು. ಅವರ ಕೈಯಲ್ಲಿ ವಾಚು. ನೋಟ್‌ಬುಕ್ ಅವತ್ತು ಯಾಕೆ ಕಳೆದುಹಾಕಿದಿರಿ ಎಂದು ಕೇಳಿಯೇ ಬಿಟ್ಟೆ. ಅವರು ಡ್ರಾಯರ್ ಎಳೆದರು. ಅದೇ ಹಸಿರು ರಟ್ಟು, ಅದೇ ರಬ್ಬರ್ ಬ್ಯಾಂಡ್.

"ತೋರಿಸಿದ್ದರೆ ನನ್ನ ಕೆಲಸ ಉಳೀತಿತ್ತೇನೋ. ಯಾರಿಗೆ ಏನು ಬರಲ್ಲ ಅಂತ ಇದರಲ್ಲಿ ಅವರವರೇ ಬರೆದಿದ್ದಾರಲ್ಲಂಡಿ. ಕರೆಸ್ಪಾಂಡೆಂಟ್ ಸಾರ್ ಅದನ್ನೇ ಮೊದಲು ಓದುತ್ತಿದ್ದರು."

ಕನ್ನಡದಲ್ಲಿದ್ದ ನನ್ನ ಪುಟವನ್ನು ಅಲ್ಲಿ ಯಾರೂ ಓದುವಂತಿರಲಿಲ್ಲ. ನಿಮ್ಮ ಲೈಬ್ರರಿಯಲ್ಲಿ ಏನು ಕಲಿತೆನೆಂದು ಅವತ್ತು ನಾನೇ ಬಾಯಿಬಿಟ್ಟಿದ್ದರೆ ನೋಟ್‌ಬುಕ್ಕೇ ಬೇಕಿರಲಿಲ್ಲ ಎಂದು ಮೆಲ್ಲಗೆ ಅಂದೆ.

"ಅದು ನಿಮ್ಮ ಪುಟ ಮೇಡಂ ಗಾರೂ. ನೀವು ಹೇಳಬಹುದಿತ್ತು. ನಾನು ಹೇಳೋ ಹಂಗಿರಲಿಲ್ಲ."

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬೆಲ್ ಹೊಡೆಯಿತು. ಕೂತಿದ್ದ ಮಕ್ಕಳು ಪುಸ್ತಕ ಮುಚ್ಚಿ ಸಾಲಾಗಿ ಹೊರಟರು. ಒಬ್ಬ ಹುಡುಗಿ ಮಾತ್ರ ತೆರೆದ ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ಮೇಜಿನ ಬಳಿ ಬಂದು ಏನೋ ಕೇಳತೊಡಗಿದಳು. ಬಾಗಿಲಲ್ಲಿ ಮುಂದಿನ ತರಗತಿ ನಿಂತಿತ್ತು. ಭ್ರಮರಾಂಬ ನನ್ನ ಕಡೆ ನೋಡಲಿಲ್ಲ. ವಾಚು ನೋಡಿಕೊಂಡರು. ಹುಡುಗಿಯ ಕೈಯಿಂದ ಪುಸ್ತಕ ತೆಗೆದುಕೊಂಡು, ಮಂಗಳವಾರ ನಿಮ್ಮ ಪೀರಿಯಡ್‌ಗೆ ಬಂದಾಗ ಕೇಳಮ್ಮಾ ಎಂದು ತೆಲುಗಿನಲ್ಲಿ ಹೇಳಿದರು.