ಕಾಕಾನ ಒಂದು ತಾಸು

ನಮ್ಮ ಶರಣಪ್ಪ ಕಾಕಾ ದೂರವನ್ನು ತೊಡೆ ತಟ್ಟಿ ಅಳೆಯುತ್ತಿದ್ದ. ಹುಮನಾಬಾದಿನ ತನ್ನ ಬೇಳೆ ಅಂಗಡಿಯ ಗಾದಿಯ ಮೇಲೆ ಕೂತು, ಯಾರು ಯಾವ ಊರಿನ ಹೆಸರೆತ್ತಿದರೂ ತೊಡೆಗೊಂದು ಏಟು ಹಾಕಿ, "ಹೈದರಾಬಾದಿಂದ ವಿಜಯವಾಡಾ ಒಂದ ತಾಸು! ನಿಮ್ಮ ಬಸ್ಸು ಇಲ್ಲಿಂದ ಕಲ್ಯಾಣ ಮುಟ್ಟೂದ್ರಾಗ ವಿಮಾನ ಇಳದಿರ್ತದ" ಎನ್ನುತ್ತಿದ್ದ. ವ್ಯಾಪಾರಿಗಳ ಸಭೆಗೆಂದು ಒಂದೇ ಒಂದು ಸಲ ವಿಮಾನ ಹತ್ತಿದ್ದ, ಅಷ್ಟೇ. ಅಲ್ಲಿಂದ ಮುಂದೆ ಬಸ್ಸಿನಲ್ಲಿ ಓಡಾಡುವವರೆಲ್ಲ ಅವನ ಕಣ್ಣಿಗೆ ದನಗಳು. ಅಪ್ಪನ ತಮ್ಮನಲ್ಲವೇ ಎಂದು ನಕ್ಕು ಸುಮ್ಮನಾಗುತ್ತಿದ್ದೆವು. ಈಗ ಆ ಮಾತು ನೆನಪಾದರೆ ಮೈ ಉರಿಯುತ್ತದೆ.

ಅಪ್ಪ ಬಸವಕಲ್ಯಾಣದ ಮನೆಯಲ್ಲಿ ನಸುಕಿಗೇ ತೀರಿಕೊಂಡರು. ಅಕ್ಕ ಮಹಾದೇವಿ ವಿಜಯವಾಡದಲ್ಲಿದ್ದಳು, ಗಂಡನ ನೌಕರಿ ಅಲ್ಲಿ. ಫೋನಿನಲ್ಲಿ ಅಳುತ್ತಲೇ, "ಗಾಡಿ ಬಾಗಲ್ದಾಗ ಅದ, ಈಗೇ ಹೊಂಟೆ. ಅಪ್ಪನ ಮಾರಿ ನೋಡೂತನಾ ಮಣ್ಣ ಕೊಡಬ್ಯಾಡ್ರಿ" ಅಂದಳು. ಹೊತ್ತು ಮುಳುಗುವುದರೊಳಗೆ ಬಂದುಬಿಡುತ್ತಿದ್ದಳು. ಹುಮನಾಬಾದಿನಿಂದ ರಾತ್ರಿಯೇ ಬಂದಿದ್ದ ಕಾಕಾ ನನ್ನ ಕೈಯಿಂದ ಫೋನು ಕಸಿದುಕೊಂಡ.

"ಗಾಡ್ಯಾಗ ಯಾಕ ಧಕ್ಕಾ ತಿಂತಿ? ವಿಮಾನದಾಗ ಬಾರವ್ವಾ. ಒಂದ ತಾಸು!"

ಹಿರಿಯನ ಮಾತೆಂದು ಅಕ್ಕ ಕೇಳಿದಳು. ಟಿಕೆಟ್ ಸಿಕ್ಕಿದ್ದು ಮಧ್ಯಾಹ್ನದ ವಿಮಾನಕ್ಕೆ. ಆದರೂ ಕಾಕಾ ನೆರೆದವರಿಗೆಲ್ಲ, "ಊಟದ ಹೊತ್ತಿಗಿ ಏರ್ತಾಳ, ಒಂದ ತಾಸಿನ್ಯಾಗ ಇಳೀತಾಳ, ಫಿಕರ್ ಮಾಡಬ್ಯಾಡ್ರಿ" ಎಂದು ಸಾರಿದ. ಹೈದರಾಬಾದಿನಿಂದ ಕಲ್ಯಾಣಕ್ಕೆ ಬರುವ ಅಷ್ಟುದ್ದದ ರಸ್ತೆ, ತಾನೇ ಬೇಳೆಯ ಲಾರಿಯಲ್ಲಿ ಕೂತು ಎಷ್ಟೋ ಸಲ ಬಂದ ರಸ್ತೆ, ಅವನ ಲೆಕ್ಕದಲ್ಲೇ ಇರಲಿಲ್ಲ.

ಅಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದೆವು. ಮಗಳು ಬಂದು ವಿಭೂತಿ ಹಚ್ಚಲಿ ಎಂದು ಎಲ್ಲರೂ ಕಾದರು. ಬಿಸಿಲು ಇಳಿಯಿತು. ಆಗ ಮೊದಲು ಎದ್ದು ನಿಂತವನು ಇದೇ ಕಾಕಾ. "ಎಷ್ಟ ಕಾಯೂದ್ರಿ? ಹೊತ್ತ ಮುಳಗಾಕತ್ತದ. ಎತ್ರಿ."

ಮಣ್ಣು ಕೊಟ್ಟು ಬಂದು ನಾವು ಸ್ನಾನ ಮಾಡುತ್ತಿರುವಾಗ ಹೈದರಾಬಾದಿನಿಂದ ಅಕ್ಕನ ಬಾಡಿಗೆ ಗಾಡಿ ಬಂತು. ಒಳಗೆ ಓಡಿದವಳು ಬರಿಗೋಡೆಯನ್ನು ನೋಡುತ್ತ ನಿಂತಳು. ಕಾಕಾ ಹಿಂದೆಯೇ ಹೋದ. "ನನ್ನ ಮಾತ ಸುಳ್ಳಾಗಿಲ್ಲವ್ವಾ. ವಿಮಾನ ಒಂದ ತಾಸಿಗೇ ಬಂದದ. ರಸ್ತಾ ಖರಾಬ್ ಅದ." ನಾನು ಅವನ ಮೇಲೆ ಏರಿಹೋದೆ. ಜನ ಹಿಡಿದುಕೊಂಡರು.

ಕೆಲವು ವರ್ಷಗಳ ನಂತರ ಕಾಕಾ ಹುಮನಾಬಾದಿನಲ್ಲಿ ಹಾಸಿಗೆ ಹಿಡಿದ. ಮಕ್ಕಳಿಲ್ಲದ ಅವನು ಅಕ್ಕನನ್ನು ಎತ್ತಿ ಆಡಿಸಿದವನು. ಉಸಿರು ಕಟ್ಟುತ್ತಿದ್ದರೂ, "ಮಹಾದೇವಿಗಿ ಬರಾಕ ಹೇಳೋ" ಅಂದ. ಫೋನು ಹಚ್ಚಿ ಬೇಕೆಂದೇ ಕೇಳಿದೆ: "ವಿಮಾನದಾಗ ಬಾ ಅನ್ಲೇನು, ಕಾಕಾ?"

ಅವನು ನನ್ನ ಮುಂಗೈ ಹಿಡಿದ. "ಬ್ಯಾಡೋ. ಗಾಡ್ಯಾಗ ಬರಾಕ ಹೇಳು. ಈಗೇ ಹೊಂಡಾಕ ಹೇಳು."

ಅಕ್ಕ ಬಂದಳು. ಅವನಿಗಿನ್ನೂ ಜೀವವಿತ್ತು. ಬಾಯಿಗೆ ನೀರು ಬಿಟ್ಟು, ಅವನ ಕಣ್ಣು ಮುಚ್ಚಿ ಅತ್ತಳು.

ಅಂದರೆ ಆ ರಸ್ತೆ ಎಷ್ಟು ದೂರವೆಂದು ಅವನಿಗೆ ಗೊತ್ತಿತ್ತು. ಅಪ್ಪ ಕಾಯುತ್ತ ಕೂತಿದ್ದ ದಿನ ಮಾತ್ರ ಗೊತ್ತಿರಲಿಲ್ಲ. ಕಾಕಾನ ಗುಣಿಯ ಅಂಚಿನಲ್ಲಿ ನಿಂತು ಅಕ್ಕ ಹಿಡಿ ಮಣ್ಣು ಹಾಕಿದಳು. ನಾನು ಬಗ್ಗಲಿಲ್ಲ.