ಕೊಲಂಬೋದಲ್ಲಿ ಅಮ್ಮನಿಗೆ ಸಿಕ್ಕಿದ ತೀರ್ಥ

ಕೊಲಂಬೋದ ಬುದ್ಧನ ಗುಡಿಯಲ್ಲಿ ಅಮ್ಮ ತೀರ್ಥಕ್ಕೆಂದು ಅಂಗೈ ಚಾಚಿ ನಿಂತೇ ಇದ್ದರು. ಐವತ್ತರ ದಶಕದಲ್ಲಿ ನಾನೂ ತಮ್ಮನೂ ಅಲ್ಲಿ ಹೋಟೆಲ್ ಕೆಲಸಕ್ಕಿದ್ದೆವು. ನಮ್ಮನ್ನು ನೋಡಲು ಅಪ್ಪ, ಅಮ್ಮ ನಮ್ಮೂರು ಕೋಡಿಂಬಾಳದಿಂದ ಬಂದಿದ್ದರು.

ನನಗೆ ನಾಚಿಕೆಯಾಯಿತು. "ಇಲ್ಲಿ ತೀರ್ಥ ಎಲ್ಲ ಕೊಡುದಿಲ್ಲ. ಕೈ ಇಳಿಸಿ ಅಮ್ಮ, ಜನ ನಗ್ತಾರೆ!" ಎಂದು ಗದರಿದೆ.

"ತೀರ್ಥ ತಕ್ಕೊಳ್ಳದೆ ಹೇಗೆ ಉಣ್ಣುದು, ಮಗಾ?" ಬೆಳಗಿನಿಂದ ಅವರು ಏನೂ ತಿಂದಿರಲಿಲ್ಲ.

ತಮ್ಮ ಹೊರಗೆ ಹೋದ. ಅಂಗಳದ ಅಶ್ವತ್ಥಕ್ಕೆ ಎರೆಯಲು ಇಟ್ಟಿದ್ದ ಚೆಂಬನ್ನು ತಂದು ಅಮ್ಮನ ಅಂಗೈಗೆ ನೀರು ಬಿಟ್ಟ. ಅಮ್ಮ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡರು.

ಊರಿಗೆ ಮರಳಿದ ಮೇಲೆ ಅಮ್ಮ ನೆರೆಯವರಿಗೆಲ್ಲ, "ಮಕ್ಕಳಿಬ್ಬರೂ ಸೇರಿ ತೀರ್ಥ ಕೊಡಿಸಿದರು" ಎಂದರಂತೆ. ಅಲ್ಲ, ಕೊಟ್ಟದ್ದು ತಮ್ಮ ಒಬ್ಬನೇ ಎಂದು ಅಮ್ಮ ಬದುಕಿದ್ದಾಗ ಹೇಳಲು ನನಗೆ ಬಾಯಿ ಬರಲಿಲ್ಲ.