ಚಂದ್ರಕಾಳಿ ಸೀರೆ ಮತ್ತು ಮೇಸ್ತ್ರಿಯ ಮೂಲೆ

ಅವರ ಎಡಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ನಯವಾಗಿ ಹೊಳೆಯುವ ಚರ್ಮವಷ್ಟೇ. ಹದಿನಾಲ್ಕನೇ ವಯಸ್ಸಿನಲ್ಲಿ ಕಲ್ಲೊಂದು ಜಾರಿಬಿದ್ದು ಹೋದದ್ದಂತೆ. ಅದನ್ನವರು ಎಂದೂ ಮುಚ್ಚಿಡಲಿಲ್ಲ. ಯಾವ ಗೋಡೆ ಕಂಡರೂ ಅದೇ ಬೆರಳಿನ ಗೆಣ್ಣಿನಿಂದ ಮೂರು ಸಲ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಬ್ಯಾಂಕು, ಚರ್ಚು, ಆಸ್ಪತ್ರೆ ಯಾವುದನ್ನೂ ಬಿಟ್ಟವರಲ್ಲ. ನೋಡಿದವರು ನಕ್ಕರೆ ಅವರಿಗೆ ಲೆಕ್ಕವೇ ಇರಲಿಲ್ಲ.

ಅರವತ್ತರ ದಶಕದ ಕೊನೆಯಲ್ಲಿ, ಮದುವೆಯಾಗಿ ನಾಲ್ಕು ತಿಂಗಳಿಗೆ ನಾನು ಧಾರವಾಡದಿಂದ ಡೆಟ್ರಾಯಿಟ್‌ಗೆ ಬಂದಿಳಿದಾಗ ಅವರು ನಮ್ಮ ಮನೆಯ ಮಾಲೀಕರು. ಕೆಳಗೆ ಅವರೊಬ್ಬರೇ, ಮೇಲಿನ ಅಂತಸ್ತಿನಲ್ಲಿ ನಾವಿಬ್ಬರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮದುವೆಯಾಗಿ ಶಿಕಾಗೊದಲ್ಲಿದ್ದಳು. ಇಟಲಿಯ ಅಬ್ರುಝ್ಝೊ ಎಂಬ ಗುಡ್ಡಗಾಡು ಸೀಮೆಯವರು, ಕಲ್ಲಿನ ಗೋಡೆ ಕಟ್ಟುವುದು ಕಸುಬು. ನನ್ನ ಯಜಮಾನರು ಮೈಸೂರಿನವರು, ಕಾರಿನ ಬಿಡಿಭಾಗ ಮಾಡುವ ಕಡೆ ಇಂಜಿನಿಯರ್. ಎಲ್ಲರಿಗೂ ‘ಮಿಸ್ಟರ್’ ಹಚ್ಚಿಯೇ ಮಾತಾಡುವವರು. ನಾನು ಮಾತ್ರ ಮೊದಲ ವಾರವೇ ‘ಮೇಸ್ತ್ರಿ’ ಎಂದೆ. ಅರ್ಥ ಕೇಳಿದರು, ಹೇಳಿದೆ, ತಲೆಯಾಡಿಸಿ ಒಪ್ಪಿಕೊಂಡರು. ಅವರ ಇಂಗ್ಲಿಷು ಹರಕು, ನನ್ನದು ಅದಕ್ಕಿಂತ ಹರಕು. ಈಗ ಅವರ ಮಾತು ನೆನೆದರೆ ನನ್ನ ಕಿವಿಗೆ ಧಾರವಾಡದ ಕನ್ನಡದಲ್ಲೇ ಕೇಳುತ್ತದೆ. ಇಲ್ಲಿಯೂ ಹಾಗೇ ಬರೆಯುತ್ತೇನೆ, ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮ ಪರಿಚಯ ಬೆಳೆದದ್ದೇ ಒಂದು ಗಾಬರಿಯಿಂದ. ಬಿಳಿಜೋಳ ಸಿಗದ ಊರಿನಲ್ಲಿ ಮೆಕ್ಕೆಜೋಳದ ಹಿಟ್ಟು ತಂದು, ಅಡುಗೆಮನೆಯ ನೆಲದ ಮೇಲೆ ಹಲಗೆ ಇಟ್ಟುಕೊಂಡು ನಾನೊಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಬಾಗಿಲು ದಬದಬ ಬಡಿದ ಸದ್ದು. ತೆರೆದರೆ ಮೇಸ್ತ್ರಿ, ಕೈಯಲ್ಲಿ ಸುತ್ತಿಗೆ.

“ಏನ್ ಒಡೀಲಿಕ್ಕತ್ತೀ ತಂಗಿ? ಕೆಳಗ ನನ್ನ ತಲೀಮ್ಯಾಲೆ ಗಿಲಾವು ಉದುರ್ಲಿಕ್ಕತ್ತದ!”

ಹಂಚಿನ ಮೇಲಿನ ರೊಟ್ಟಿ ತೋರಿಸಿದೆ. ಹಿಂದಿನ ದಿನ ಅವರೇ ಮೆಟ್ಟಿಲ ಮೇಲೆ ಇಟ್ಟುಹೋಗಿದ್ದ ಬದನೆಕಾಯಿಯಿಂದ ಎಣ್ಣೆಗಾಯಿ ಮಾಡಿದ್ದೆ. ಅದನ್ನು ಹಚ್ಚಿ ಒಂದು ರೊಟ್ಟಿ ಕೊಟ್ಟೆ. ನಿಂತಲ್ಲೇ ಮೂರು ತಿಂದರು. ಹೋಗುವಾಗ ನೆಲವನ್ನು ಗೆಣ್ಣಿನಿಂದ ತಟ್ಟಿ, “ಬಡೀ, ಬಡೀ. ನಾ ಕಟ್ಟಿದ ಮನಿ, ಏನೂ ಆಗೂದಿಲ್ಲ” ಎಂದರು.

ಆ ಮೇಲೆ ಹಿತ್ತಲಿನ ಅರ್ಧ ತೋಟ ನನ್ನದಾಯಿತು. ಅವರ ಟೊಮೆಟೊ ಪಕ್ಕದಲ್ಲಿ ನನ್ನ ಮೆಂತ್ಯ, ಕೊತ್ತಂಬರಿ. ಚಳಿ ಬರುವ ಮುಂಚೆ ತಮ್ಮ ಅಂಜೂರದ ಗಿಡಕ್ಕೆ ಹಳೆಯ ಕೋಟು, ಜಮಖಾನೆ ಸುತ್ತಿ ತಲೆಯ ಮೇಲೊಂದು ಬಕೆಟ್ಟು ಬೋರಲು ಹಾಕುತ್ತಿದ್ದರು. ಮೊದಲ ವರ್ಷ ಅದನ್ನು ಕಿಟಕಿಯಿಂದ ನೋಡಿದ ನಾನು, ಹಿಮದಲ್ಲಿ ಯಾರೋ ಕದಲದೆ ನಿಂತಿದ್ದಾರೆಂದು ಹೆದರಿ ಯಜಮಾನರ ಆಫೀಸಿಗೆ ಫೋನು ಮಾಡಿದ್ದೆ! ಆ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕೂಗುವವರು ಯಾರೂ ಇಲ್ಲದ ಹಗಲುಗಳಲ್ಲಿ, ಕೆಳಗಿನಿಂದ ಒಂದು ಧ್ವನಿ ನನ್ನನ್ನು ಕರೆಯುತ್ತಿತ್ತು. ಆ ಧ್ವನಿ ಇಲ್ಲದಿದ್ದರೆ ನಾನು ಎರಡನೇ ಚಳಿಗಾಲ ಕಾಣುವ ಮೊದಲೇ ಗಂಟು ಕಟ್ಟಿ ಊರಿಗೆ ಹೊರಡುತ್ತಿದ್ದೆ. ಇದು ಉತ್ಪ್ರೇಕ್ಷೆಯಲ್ಲ.

ತಮ್ಮ ಊರಿನ ಸುದ್ದಿ ಬಂದರೆ ಮೇಸ್ತ್ರಿ ದಿನಸಿಯ ಕಾಗದದ ಚೀಲ ಹರಿದು ಪೆನ್ಸಿಲಿನಿಂದ ಕೋಟೆ ಬರೆದು ತೋರಿಸುತ್ತಿದ್ದರು. ಒಂದೊಂದು ಗುಡ್ಡಕ್ಕೆ ಒಂದೊಂದು ಕೋಟೆ, ಅದರ ಮಗ್ಗುಲಲ್ಲಿ ಒಂದೊಂದು ಹಳ್ಳಿ. ಆದರೆ ಅಲ್ಲಿನ ತಮ್ಮ ಮನೆಯ ಚಿತ್ರ ಬರೆದಾಗಲೆಲ್ಲ ಒಂದು ಮೂಲೆಯನ್ನು ಬರೆಯದೆ ಬಿಡುತ್ತಿದ್ದರು. ಯುದ್ಧದ ಬಾಂಬಿಗೆ ಆ ಮೂಲೆ ಕುಸಿದಿತ್ತು. ಎರಡು ವರ್ಷದಲ್ಲಿ ಬಂದು ಕಟ್ಟುತ್ತೇನೆಂದು ತಾಯಿಗೆ ಮಾತು ಕೊಟ್ಟು ಅಮೆರಿಕಕ್ಕೆ ಬಂದವರು ಹೋಗಲೇ ಇಲ್ಲ. ಇಲ್ಲಿ ಊರವರ ಗೋಡೆಗಳನ್ನೆಲ್ಲ ಕಟ್ಟಿದರು. ಐದನೇ ಚಳಿಗಾಲದಲ್ಲಿ ತಾಯಿ ತೀರಿಕೊಂಡಾಗಲೂ ಹೋಗಲಿಲ್ಲ. ಊರಿನಲ್ಲಿದ್ದ ಅಕ್ಕ ಒಂದೇ ಕಾಗದ ಬರೆದಳು: “ಅವ್ವ ಆ ಮೂಲಿ ಗಾಳಿಗೆ ಸತ್ತಳು. ನೀ ಇನ್ನ ಬರಬ್ಯಾಡ.” ಅಂದಿನಿಂದ ಪ್ರತಿ ಕ್ರಿಸ್ಮಸ್ಸಿಗೆ ಇವರು ಬರೆಯುತ್ತಿದ್ದರು. ಇಪ್ಪತ್ತು ವರ್ಷ ಅವಳಿಂದ ಒಂದಕ್ಷರ ಇಲ್ಲ.

ಮೂರು ನಾಲ್ಕು ವರ್ಷ ಕಳೆದು ನನ್ನ ತಮ್ಮನ ಮದುವೆ ಗೊತ್ತಾಯಿತು. ಊರಿಗೆ ಹೋಗುವವರು ದಾರಿಯಲ್ಲಿ ಯೂರೋಪಿನಲ್ಲಿ ಇಳಿದು ನಾಲ್ಕು ದಿನ ನೋಡಿಕೊಂಡು ಹೋಗುತ್ತಿದ್ದ ಕಾಲ ಅದು. ನಾವು ರೋಮಿನಲ್ಲಿ ಇಳಿಯುತ್ತೇವೆ ಎಂದಾಗ ಮೇಸ್ತ್ರಿ ಕಾಗದದ ಚೀಲವೊಂದನ್ನು ಪೂರ್ತಿ ಬಿಡಿಸಿ ನಕಾಶೆ ಬರೆದುಕೊಟ್ಟರು.

“ಮೊದ್ಲ ಈ ಎರಡು ಕೋಟಿ ಮೂಲಿ ನೋಡು. ಅವನ್ನ ನೋಡಲಾರದ ನಮ್ಮನಿ ನೋಡಿದ್ರ ತಿಳಿಯೂದಿಲ್ಲ. ಆಮ್ಯಾಲೆ ನಮ್ಮೂರು. ಆ ಮೂಲಿ ಯಾರರೆ ಕಟ್ಟ್ಯಾರೇನು ನೋಡು. ಕಟ್ಟಿದ್ರ ಮೂರು ಸಲ ತಟ್ಟಿ, ಸಪ್ಪಳ ಹೆಂಗದ ಬಂದು ಹೇಳು. ನನ್ನ ಹೆಸರು ತಗೀಬ್ಯಾಡ. ಅಷ್ಟ.”

ಅಷ್ಟಕ್ಕೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಅಂಜೂರದ ಗಿಡದ ಮುಂದೆ ನಗುತ್ತ ನಿಂತ ಅವರ ಫೋಟೋ ಒಂದನ್ನು ಪರ್ಸಿನಲ್ಲಿ ಇಟ್ಟುಕೊಂಡೆ. “ಬೇಡ ಕಣೇ, ಅವರೇ ಬೇಡ ಅಂದಿದಾರೆ” ಎಂದರು ಯಜಮಾನರು. ನಾನು ಕೇಳಲಿಲ್ಲ.

ನಾವು ಬೆಟ್ಟ ಹತ್ತಿದ ದಿನ ಸಂಕ್ರಾಂತಿ. ನಮ್ಮ ಕಡೆ ಆ ದಿನ ಹೆಣ್ಣುಮಕ್ಕಳು ಕಪ್ಪು ಚಂದ್ರಕಾಳಿ ಸೀರೆ ಉಡುತ್ತಾರೆ. ಒಡಲೂ ಕಪ್ಪು, ಸೆರಗೂ ಕಪ್ಪು. ವರ್ಷವಿಡೀ ಶುಭಕಾರ್ಯಕ್ಕೆ ಬೇಡವೆನ್ನುವ ಬಣ್ಣ ಅದೊಂದು ದಿನ ಹಬ್ಬದ ಬಣ್ಣ. ಡೆಟ್ರಾಯಿಟ್‌ನಲ್ಲೂ ತಪ್ಪಿಸಿದವಳಲ್ಲ, ರೋಮಿನಲ್ಲಿ ತಪ್ಪಿಸುತ್ತೇನೆಯೇ? ಅವ್ವ ಪಾರ್ಸೆಲ್ಲಿನಲ್ಲಿ ಕಳಿಸಿದ್ದ ಕುಸುರೆಳ್ಳಿನ ಡಬ್ಬಿಯೂ ಜೊತೆಗಿತ್ತು.

“ಈ ಚಳೀಲಿ ಸೀರೆ ಉಟ್ಕೊಂಡು ಬೆಟ್ಟ ಹತ್ತುತ್ತೀಯಾ?” ಎಂದರು ಯಜಮಾನರು.

“ಕರೀದು ಬೆಚ್ಚಗಿರ್ತದ ಅಂತನ ಉಡೂದು ರೀ” ಎಂದೆ.

ಬೆಟ್ಟದ ಬುಡದ ಪಟ್ಟಣದಲ್ಲಿ ಒಂದು ಟ್ಯಾಕ್ಸಿ ಹಿಡಿದೆವು. ಡ್ರೈವರು ಹಿಂದೆ ಲಂಡನ್ನಿನ ಹೋಟೆಲಿನಲ್ಲಿ ಪಾತ್ರೆ ತೊಳೆದವನು, ತಕ್ಕಮಟ್ಟಿಗೆ ಇಂಗ್ಲಿಷು ಬರುತ್ತಿತ್ತು. ನಕಾಶೆ ನೋಡಿ, ಇವೆಲ್ಲ ಹೇಸರಗತ್ತೆಗಳ ಕಾಲದ ದಾರಿ, ಆದರೆ ತಿರುವು ಒಂದೂ ತಪ್ಪಿಲ್ಲ ಎಂದ.

ಮೊದಲ ಕೋಟೆ ಬೋಳುಗುಡ್ಡದ ನೆತ್ತಿಯ ಮೇಲಿತ್ತು. ಸೂರಿಲ್ಲದ ನಾಲ್ಕು ಬುರುಜು, ನೆರಳಿದ್ದಲ್ಲಿ ಮಾತ್ರ ಹಿಮ, ಒಳಗೆ ಕಾಲಿಟ್ಟಲ್ಲೆಲ್ಲ ಕುರಿಯ ಹಿಕ್ಕೆ. ವಿಜಾಪುರದ ಕಡೆ ಅಜ್ಜಿಯ ಊರಿನಲ್ಲಿ ಕೋಟೆಯೊಳಗೆ ಆಡು ಮೇಯುವುದನ್ನು ನೋಡಿ ಬೆಳೆದ ನನಗೆ ಪರದೇಶ ಎನ್ನಿಸಲೇ ಇಲ್ಲ. ಮೇಸ್ತ್ರಿ ಹೇಳಿದ್ದಂತೆ ಮೂಲೆ ನೋಡಿದೆ. ಒಂದು ಉದ್ದ ಕಲ್ಲು ಈ ಗೋಡೆಗೆ, ಅದರ ಮೇಲಿನದು ಆ ಗೋಡೆಗೆ, ಎರಡು ಕೈಯ ಬೆರಳು ಹೆಣೆದ ಹಾಗೆ. ನಡುವಿನ ಗೋಡೆ ಉರುಳಿಹೋಗಿತ್ತು, ಮೂಲೆಗಳು ನಿಂತೇ ಇದ್ದವು. ಎರಡನೆಯದು ಕೋಟೆಯೂ ಹೌದು, ಊರೂ ಹೌದು. ಮನೆಗಳೇ ಬೆನ್ನಿಗೆ ಬೆನ್ನು ಕೊಟ್ಟು ಹೊರಗಿನ ಗೋಡೆಯಾಗಿ ನಿಂತಿದ್ದವು. ಕೈ ಚಾಚಿದರೆ ಎರಡೂ ಬದಿ ಮುಟ್ಟುವಂಥ ಓಣಿ, ಸೌದೆ ಹೊಗೆಯ ವಾಸನೆ. ಒಂದು ಮನೆ ಬಿದ್ದರೆ ಇಡೀ ಊರಿಗೆ ತೂತು. ಮೇಸ್ತ್ರಿ ತಮ್ಮ ಮನೆಯ ಮೂಲೆಯನ್ನು ಚಿತ್ರದಲ್ಲೂ ಬರೆಯಲಾರದೆ ಯಾಕೆ ಬಿಡುತ್ತಿದ್ದರೆಂದು ನನಗೆ ಆ ಓಣಿಯಲ್ಲಿ ತಿಳಿಯಿತು.

ಅವರ ಹಳ್ಳಿ ತಲುಪಿದಾಗ ಗಾಳಿ ಜೋರಾಗಿತ್ತು. ಸೆರಗನ್ನು ತಲೆತುಂಬ ಹೊದ್ದುಕೊಂಡೆ. ಡ್ರೈವರು ಸಿಗರೇಟು ಸೇದಲು ಕೆಳಗೇ ನಿಂತ. ಬುರುಜಿನ ಕೆಳಗಿನ ಮೂರನೇ ಮನೆ. ಮೂಲೆ ಕಟ್ಟಿರಲಿಲ್ಲ. ಹಲಗೆ, ತಗಡು ಹೊಡೆದು ಮುಚ್ಚಿದ್ದರು. ಬಿದ್ದ ಕಲ್ಲುಗಳನ್ನು ಪಕ್ಕದಲ್ಲಿ ಸಾಲಾಗಿ ಒಟ್ಟಿದ್ದರು. ನಾನು ನೋಡುತ್ತಿದ್ದಂತೆ ಬಾಗಿಲು ತೆರೆಯಿತು. ಮುಡಿಯಿಂದ ಅಡಿಯವರೆಗೆ ಕಪ್ಪು ತೊಟ್ಟ ಮುದುಕಿ. ಅದೇ ಮೂಗು, ಅದೇ ಹುಬ್ಬು. ಅಕ್ಕನೇ ಎಂದು ಗೊತ್ತಾಗಿ ಮೇಸ್ತ್ರಿಯ ಮಾತು ಮೀರಿ ಪರ್ಸಿನಿಂದ ಫೋಟೋ ತೆಗೆದು ಕೈಗಿಟ್ಟೆ.

ಅವಳು ಫೋಟೋ ನೋಡಿದಳು. ನನ್ನ ಸೀರೆ ನೋಡಿದಳು. ಮತ್ತೆ ಫೋಟೋ ನೋಡಿದಳು. ಆಮೇಲೆ ಹೊಸ್ತಿಲ ಮೇಲೆ ಕುಸಿದು ಎದೆ ಬಡಿದುಕೊಂಡು ತಮ್ಮನ ಹೆಸರು ಹಿಡಿದು ಅಳತೊಡಗಿದಳು. ಅಕ್ಕಪಕ್ಕದ ಬಾಗಿಲು ತೆರೆದು ಇನ್ನೂ ನಾಲ್ಕು ಮುದುಕಿಯರು ಬಂದರು. ಅವರೂ ಅಳತೊಡಗಿದರು. ಒಬ್ಬಾಕೆ ನನ್ನನ್ನು ತಬ್ಬಿಕೊಂಡಳು. ಯಾತಕ್ಕೆಂದು ಗೊತ್ತಿಲ್ಲದೆ ನಾನೂ ಅತ್ತೆ.

“ಏನಾಯ್ತೇ? ಏನಂದೆ ನೀನು ಅವರಿಗೆ?” ಎಂದರು ಯಜಮಾನರು.

“ನಾ ಏನೂ ಅಂದಿಲ್ರೀ!”

ಡ್ರೈವರು ಓಡಿಬಂದು ಅವರನ್ನು ಕೇಳಿ ನಮ್ಮ ಕಡೆ ತಿರುಗಿದ. “ಯಾವಾಗ ಸತ್ತ ಅಂತ ಕೇಳ್ತಿದಾರೆ. ಇಲ್ಲಿ ಕಪ್ಪು ಉಡೋದು ಸಾವಾದಾಗ. ನೀವು ಮೈತುಂಬ ಕಪ್ಪು ಹೊದ್ದು ಅವನ ಫೋಟೋ ತಂದಿದೀರಿ, ಇನ್ನೇನು ತಿಳ್ಕೋಬೇಕು?”

ಸತ್ತಿಲ್ಲ, ಗಟ್ಟಿಯಾಗಿದ್ದಾರೆ, ಇದು ನಮ್ಮ ಹಬ್ಬದ ಸೀರೆ ಎಂದು ಒಂದೇ ಉಸಿರಿಗೆ ಹೇಳಿದೆ. ಡಬ್ಬಿ ತೆಗೆದು ಕುಸುರೆಳ್ಳು ತೋರಿಸಿ, ಈ ದಿನ ಇದನ್ನು ಕೊಟ್ಟು ಹಳೆಯ ಮುನಿಸು ಬಿಡುವುದು ನಮ್ಮ ಪದ್ಧತಿ ಎಂದೂ ಹೇಳಿದೆ. ಡ್ರೈವರು ಅದನ್ನು ಅವಳ ಭಾಷೆಗೆ ತಿರುಗಿಸಿದ. ಅವಳು ಎದ್ದು ಮೊದಲು ನನ್ನ ಭುಜಕ್ಕೆ ಫಟ್ಟೆಂದು ಒಂದು ಕೊಟ್ಟಳು. ಆಮೇಲೆ ಅಪ್ಪಿಕೊಂಡಳು. ಆಮೇಲೆ ಹತ್ತು ನಿಮಿಷ ಫೋಟೋಗೆ ಬೈದಳು.

ಮೂಲೆ ಯಾಕೆ ಕಟ್ಟಿಸಲಿಲ್ಲ ಎಂದು ಕೇಳಿಸಿದೆ. “ಇಬ್ಬರು ಮೇಸ್ತ್ರಿಗಳು ಬಂದಿದ್ದರು, ವಾಪಸ್ಸು ಕಳಿಸಿದೆ. ಅದು ಅವನ ಮೂಲೆ. ಬರಬೇಡ ಅಂದರೆ ಬರದೇ ಇರುತ್ತಾನೇನು, ಕತ್ತೆ!” ಎಂದಳಂತೆ. ತಮ್ಮನ ಕಾಗದಗಳೆಲ್ಲ ಬಿಸ್ಕತ್ತಿನ ಡಬ್ಬದಲ್ಲಿದ್ದವು. ಹೊರಡುವಾಗ ನನ್ನ ಕುಸುರೆಳ್ಳು ಖಾಲಿ ಮಾಡಿಕೊಂಡು, ಅದೇ ಡಬ್ಬಿಯಲ್ಲಿ ಸಕ್ಕರೆ ಪಾಕ ಹಿಡಿದ ಬಿಳಿ ಬಾದಾಮಿ ತುಂಬಿಕೊಟ್ಟಳು. ಅದು ಆ ಸೀಮೆಯ ಹಬ್ಬದ ಸಿಹಿ.

ಮಾರ್ಚಿನಲ್ಲಿ ವಾಪಸ್ಸು ಬಂದು ಮಾತು ಮೀರಿದ್ದನ್ನೂ ಸೇರಿಸಿ ಎಲ್ಲ ಒಪ್ಪಿಸಿದೆ. ಬೈಯುತ್ತಾರೆಂದುಕೊಂಡೆ. ಮೇಸ್ತ್ರಿ ಒಂದು ಬಾದಾಮಿ ಬಾಯಿಗಿಟ್ಟುಕೊಂಡರು. ಆಮೇಲೆ ಒಂದೇ ಕೇಳಿದರು. “ಕಲ್ಲು ಒಟ್ಟಿಟ್ಟಾಳೇನು?”

“ಸಾಲಾಗಿ ಒಟ್ಟಿಟ್ಟಾರ.”

ಮೇ ತಿಂಗಳಲ್ಲಿ ಕರಣೆ, ಸುತ್ತಿಗೆ ಕಟ್ಟಿಕೊಂಡು ಹೊರಟರು. ಮನೆಯ ಬೀಗದ ಕೈಯನ್ನೂ ಅಂಜೂರದ ಗಿಡವನ್ನೂ ನನಗೆ ಒಪ್ಪಿಸಿದರು. ಅಕ್ಟೋಬರಿನಲ್ಲಿ ಬಂದವರು ಹತ್ತು ವರ್ಷ ಚಿಕ್ಕವರಾಗಿದ್ದರು. “ಮೂಲಿ ಮುಗೀತು ತಂಗಿ. ಅಕ್ಕ ದಿನಾ ನಿಂತು ಬೈದಳು” ಎಂದು ಹೆಮ್ಮೆಯಿಂದ ಹೇಳಿಕೊಂಡರು.

ನಾವು ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ ಸ್ವಂತ ಮನೆ ಕೊಂಡಾಗ ಮೊದಲು ಬಂದವರು ಅವರೇ. ಗೋಡೆ ತಟ್ಟಿದರು, ಡಬಡಬ ಎಂದಿತು. “ಇದು ಗೋಡಿ ಅಲ್ಲ, ರಟ್ಟಿನ ಡಬ್ಬಿ” ಎಂದು ಬೇಸರಪಟ್ಟು, ಮನೆಯಲ್ಲಿ ಒಂದಾದರೂ ಗಟ್ಟಿ ಇರಲಿ ಎಂದು ಹಿತ್ತಲಿನಲ್ಲಿ ನನಗೊಂದು ಕಲ್ಲಿನ ತುಳಸಿಕಟ್ಟೆ ಕಟ್ಟಿಕೊಟ್ಟರು. ಮೂಲೆಗಳು ಆ ಕೋಟೆಯವುಗಳಂತೆಯೇ, ಬೆರಳು ಹೆಣೆದ ಹಾಗೆ. ಈಗಲೂ ಬೇಸಿಗೆಯಲ್ಲಿ ದೀಪ ಹಚ್ಚುವಾಗ ನಾನು ಮೂರು ಸಲ ತಟ್ಟುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ, ಒಂದು ಫೆಬ್ರುವರಿಯಲ್ಲಿ ಅವರು ನಿದ್ದೆಯಲ್ಲೇ ಹೋದರು. ಮಣ್ಣಿಗೆ ಹೋಗುವಾಗ ಪೆಟ್ಟಿಗೆಯ ತಳದಿಂದ ಚಂದ್ರಕಾಳಿ ತೆಗೆದು ಉಟ್ಟೆ. ಹಬ್ಬದ ಸೀರೆಯನ್ನು ಸಾವಿನ ಮನೆಗೆ ಉಟ್ಟೆನೆಂದು ಅವ್ವ ಕೇಳಿದ್ದರೆ ಬೈಯುತ್ತಿದ್ದಳು. ಆದರೆ ಅವರ ಕಡೆಯವರಂತೆ ಅವರನ್ನು ಕಳಿಸಿಕೊಡಬೇಕೆನ್ನಿಸಿತು. ಅಷ್ಟು ಋಣ ಇತ್ತು.

ಒಂದು ತಿಂಗಳ ನಂತರ ಅವರ ಮಗಳು ಶಿಕಾಗೊದಿಂದ ಫೋನು ಮಾಡಿದಳು. ಊರಿಗೆ ಟೆಲಿಗ್ರಾಂ ಕೊಟ್ಟಿದ್ದಳಂತೆ. ಮೇಸ್ತ್ರಿಯ ಅಕ್ಕ ಅದನ್ನು ನಂಬಿಲ್ಲ. ಹಿಂದೊಮ್ಮೆಯೂ ಹೀಗೇ ಅತ್ತು ಮೋಸಹೋದೆ, ಅವನು ಬದುಕಿಯೇ ಇದ್ದ, ಆ ಕಪ್ಪು ಸೀರೆಯ ಹುಡುಗಿ ಬರೆದರೆ ಮಾತ್ರ ನಂಬುತ್ತೇನೆ ಎಂದು ಕಾಗದ ಹಾಕಿದ್ದಾಳೆ.

ಬರೆಯಲು ಕೂತೆ. ನಾಲ್ಕು ಹಾಳೆ ಹರಿದೆ. ಕೊನೆಗೆ ನನ್ನ ಹರಕು ಇಂಗ್ಲಿಷಿನಲ್ಲಿ ಎರಡೇ ಸಾಲು ಬರೆದು, ನಿಮ್ಮ ಭಾಷೆಗೆ ತಿರುಗಿಸಿ ಕಳಿಸು ಎಂದು ಆ ಮಗಳಿಗೆ ಅಂಚೆಗೆ ಹಾಕಿದೆ.

“ಅಕ್ಕಾ, ಅವತ್ತಿನ ಸೀರೆಯನ್ನೇ ಉಟ್ಟು ಹೋಗಿದ್ದೆ. ಈ ಸಲ ಹಬ್ಬ ಇರಲಿಲ್ಲ.”